ಮರಾಕೆಶ್ ದೂರ, ಗಂಜಾಂ ಹತ್ತಿರ

ಪ್ರವಾಸ ಸಂಸ್ಥೆಗಳ ಬಣ್ಣದ ಜಾಹೀರಾತುಗಳಲ್ಲಿ ಮರಾಕೆಶ್ ಎಂಬ ಹೆಸರು ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತದೆ. ಆಫ್ರಿಕಾ ಖಂಡದ ವಾಯವ್ಯ ಮೂಲೆಯಲ್ಲಿರುವ ಮೊರಾಕೊ ದೇಶದ ಹಳೆಯ ರಾಜಧಾನಿಗಳಲ್ಲಿ ಅದೂ ಒಂದು. 11ನೆಯ ಶತಮಾನದಲ್ಲಿ ಕಟ್ಟಿದ ಊರು. ಸಹರಾ ಮರುಭೂಮಿಯನ್ನು ದಾಟಿ ಬರುತ್ತಿದ್ದ ಒಂಟೆಗಳ ಸಾಲು ಹೊರೆ ಇಳಿಸುತ್ತಿದ್ದ ಪೇಟೆ. ಕೆಮ್ಮಣ್ಣಿನ ಕೋಟೆಗೋಡೆಯ ಒಳಗಿರುವ ಅದರ ಹಳೆಯ ಪಟ್ಟಣವನ್ನು ಯುನೆಸ್ಕೊ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುರೋಪಿನ ಸಿರಿವಂತರಿಗೆ ಅದು ಬಹಳ ಕಾಲದಿಂದ ಚಳಿಗಾಲದ ವಿಹಾರಧಾಮ.

ಅಲ್ಲಿಗೆ ಹೋದವರು ಅಷ್ಟೊಂದು ಹಣ ತೆತ್ತು ಪಡೆಯುವುದಾದರೂ ಏನನ್ನು? ‘ರಿಯಾದ್’ ಎಂದು ಕರೆಯುವ ಹಳೆಯ ಮನೆಯೊಂದರಲ್ಲಿ ತಂಗುತ್ತಾರೆ. ನಡುವೆ ತೆರೆದ ಅಂಗಳ, ಅಂಗಳದಲ್ಲೊಂದು ಕಾರಂಜಿ, ಒಂದೆರಡು ಕಿತ್ತಳೆ ಗಿಡ, ಸುತ್ತ ಮೊಗಸಾಲೆ. ಹಗಲಲ್ಲಿ ‘ಸೂಕ್’ ಎಂಬ ಪೇಟೆಬೀದಿಗಳನ್ನು ಸುತ್ತುತ್ತಾರೆ. ಬಣ್ಣ ಅದ್ದುವವರದೊಂದು ಓಣಿ, ತೊಗಲು ಕೆಲಸದವರದೊಂದು ಓಣಿ, ಕಮ್ಮಾರರದೊಂದು ಓಣಿ. ಮಾಡುವವನ ಎದುರಲ್ಲೇ ನಿಂತು, ಚೌಕಾಸಿ ಮಾಡಿ, ಅವನ ಕೈಯಿಂದಲೇ ವಸ್ತುವನ್ನು ಕೊಳ್ಳುತ್ತಾರೆ. ಸಂಜೆಯಾದರೆ ಜೆಮಾ ಎಲ್ ಫ್ನಾ ಎಂಬ ಬಯಲಿಗೆ ಬಂದು, ಕಥೆ ಹೇಳುವವರ, ವಾದ್ಯ ನುಡಿಸುವವರ ಸುತ್ತ ಗುಂಪುಗೂಡುತ್ತಾರೆ.

ಲೆಕ್ಕ ಹಾಕಿದರೆ ಅಲ್ಲಿನ ಐಷಾರಾಮವೆಲ್ಲ ನೀರು, ನೆರಳು, ಕೈಕಸುಬು, ಕಥೆ ಎಂಬ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಈ ನಾಲ್ಕೂ ಮಂಡ್ಯ ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳಲ್ಲಿ, ಎರಡು ದಿನದ ಓಡಾಟದೊಳಗೆ ಸಿಗುತ್ತವೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ. ವ್ಯತ್ಯಾಸ ಒಂದೇ. ಮರಾಕೆಶ್‌ನಲ್ಲಿ ಅರಮನೆಯೂ ಉಳಿದಿದೆ, ಪೇಟೆಯೂ ಉಳಿದಿದೆ. ನಮ್ಮಲ್ಲಿ ಅರಮನೆ ಉಳಿಯಿತು, ಪೇಟೆ ಹೋಯಿತು. ಏಕೆ ಹೋಯಿತು, ಅದರ ಬೇರುಗಳು ಇನ್ನೂ ಎಲ್ಲಿ ಹಸಿಯಾಗಿವೆ ಎಂದು ನೋಡುತ್ತಾ ಹೋದರೆ ರಜೆಯ ಪ್ರವಾಸವೇ ಒಂದು ಒಳ್ಳೆಯ ಪಾಠವಾದೀತು.

ಗಂಜಾಂ ಎಂದರೆ ಪೇಟೆ

ಕಾವೇರಿ ಎರಡು ಕವಲಾಗಿ ಒಡೆದು ಮತ್ತೆ ಕೂಡುವ ನಡುವಿನ ನೆಲವೇ ಶ್ರೀರಂಗಪಟ್ಟಣ. 1610ರಲ್ಲಿ ರಾಜ ಒಡೆಯರ ವಶಕ್ಕೆ ಬಂದ ಮೇಲೆ 1799ರವರೆಗೂ ಇದು ಮೈಸೂರು ರಾಜ್ಯದ ರಾಜಧಾನಿ. ದ್ವೀಪದ ಪಡುವಣ ತುದಿಯಲ್ಲಿ ಕೋಟೆ. ಅದರೊಳಗೆ ಆದಿರಂಗನೆಂದು ಹೆಸರಾದ ರಂಗನಾಥನ ಗುಡಿ. ಮೂಡಣ ಭಾಗದಲ್ಲಿ ಪೇಟೆ. ಅದರ ಹೆಸರು ಶಹರ್ ಗಂಜಾಂ.

ಪಾರ್ಸಿ ಭಾಷೆಯಲ್ಲಿ ‘ಗಂಜ್’ ಎಂದರೆ ಭಂಡಾರ, ಪೇಟೆ. ದೆಹಲಿಯ ದರಿಯಾಗಂಜ್, ಲಖನೌದ ಹಜ್ರತ್‌ಗಂಜ್ ಹೆಸರುಗಳಲ್ಲಿರುವುದೂ ಇದೇ ಪದ. ಅಂದರೆ ಗಂಜಾಂ ಹೆಸರಿನಿಂದಲೇ ಪೇಟೆ. ಈ ಪೇಟೆಗೆ ಜನ ಬೇಕಾದಾಗ ಟಿಪ್ಪು ಸುಲ್ತಾನ್ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತಂದು ನೆಲೆಗೊಳಿಸಿದನೆಂದು ರೈಸ್ ಅವರ ಮೈಸೂರು ಗೆಜೆಟಿಯರ್ ದಾಖಲಿಸುತ್ತದೆ. ಶಿರಾ ಮೊಗಲರ ಕಾಲದಲ್ಲಿ ಒಂದು ಪ್ರಾಂತ್ಯದ ರಾಜಧಾನಿಯಾಗಿದ್ದ ಊರು; ಒಳ್ಳೆಯ ಕಸುಬುದಾರರ ನೆಲೆ. ಮಗ್ಗ, ಅಡಿಗಲ್ಲು, ಕುಲುಮೆಗಳನ್ನು ಬಿಟ್ಟು, ಹೆಂಡತಿ ಮಕ್ಕಳೊಂದಿಗೆ ಅಷ್ಟು ದೂರ ಬಂದವರ ಪಾಡನ್ನು ಯಾರೂ ಬರೆದಿಟ್ಟಿಲ್ಲ. ದೊಡ್ಡ ಪೇಟೆಗಳ ಸೊಬಗನ್ನು ಹೊಗಳುವಾಗ ಅದನ್ನು ಹೊತ್ತು ನಿಲ್ಲಿಸಿದ ಕೈಗಳನ್ನೂ ನೆನೆಯಬೇಕು.

ಟಿಪ್ಪುವಿನ ಆಡಳಿತ ವ್ಯಾಪಾರವನ್ನು ಸರ್ಕಾರದ ಕೆಲಸವೆಂದೇ ಭಾವಿಸಿತ್ತು. ಶ್ರೀಗಂಧದ ಮೇಲೆ ಸರ್ಕಾರದ ಏಕಸ್ವಾಮ್ಯವಿತ್ತು. ಅರಬ್ಬಿ ಸಮುದ್ರದಾಚೆಯ ಮಸ್ಕತ್‌ನಲ್ಲಿ ಮೈಸೂರಿನ ವ್ಯಾಪಾರದ ಕೋಠಿ ಇತ್ತು. ಗಂಧ, ಮೆಣಸು, ಏಲಕ್ಕಿ ಆ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುತ್ತಿದ್ದವು. ಈ ನೆಲದ ರೇಷ್ಮೆ ಕೃಷಿಗೆ ಒತ್ತು ಸಿಕ್ಕಿದ್ದೂ ಆ ಕಾಲದಲ್ಲೇ. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದ ಮೈಸೂರಿನ ರಾಕೆಟ್ಟುಗಳನ್ನು ನೋಡಿಯೇ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ 19ನೆಯ ಶತಮಾನದ ಮೊದಲಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದ. ಕಬ್ಬಿಣ ಕಾಯಿಸಿ ಬಡಿಯುವ ಕಮ್ಮಾರರಿಲ್ಲದೆ ಅವು ಹುಟ್ಟುತ್ತಿರಲಿಲ್ಲ.

1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ರಾಜಧಾನಿ ಮೈಸೂರಿಗೆ ಹೋಯಿತು. ಮರುವರ್ಷ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ, ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ ಒಂದೂವರೆ ಲಕ್ಷ ಇದ್ದಿರಬಹುದೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಸುಮಾರು 32,000. ಕೊಳ್ಳುವ ಅರಮನೆಯೂ ದಂಡೂ ಇಲ್ಲದ ಮೇಲೆ ಮಾರುವವರು ಏಕೆ ಉಳಿದಾರು? ಉಳಿದಿದ್ದ ಬ್ರಿಟಿಷ್ ಸೇನೆಯೂ ಜ್ವರದ ಕಾಟ ತಾಳಲಾರದೆ 1809ರಲ್ಲಿ ಬೆಂಗಳೂರಿನ ದಂಡಿಗೆ ಸ್ಥಳಾಂತರಗೊಂಡಿತು.

ಆ ಜ್ವರ ಮಲೇರಿಯಾ. ಕೆಟ್ಟ ಗಾಳಿಯಿಂದ ಬರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ‘ಮಲೇರಿಯಾ’ ಎಂಬ ಇಟಾಲಿಯನ್ ಪದದ ಅರ್ಥವೇ ಕೆಟ್ಟ ಗಾಳಿ. ಅದನ್ನು ಹರಡುವುದು ಸೊಳ್ಳೆ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಸುತ್ತ ಹೊಳೆ, ನಡುವೆ ನಾಲೆ, ಗದ್ದೆ, ಕೋಟೆಯ ಕಂದಕ. ಜನ ತೆರವು ಮಾಡಿದ ದ್ವೀಪದಲ್ಲಿ ಸೊಳ್ಳೆಗೆ ಯಾವುದರ ಕೊರತೆ? ಯುದ್ಧ ಅರ್ಧ ಮುಗಿಸಿದ ಪೇಟೆಯನ್ನು ಸೊಳ್ಳೆ ಪೂರ್ತಿ ಮುಗಿಸಿತು. ಈಗ ಗಂಜಾಂ ತೋಟ, ಗದ್ದೆ, ಹಳೆಯ ಗುಡಿಗಳ ನಡುವಿನ ಒಂದು ಶಾಂತವಾದ ಊರು. ಅಲ್ಲಿನ ಅಂಜೂರದ ಹಣ್ಣು ಮಾತ್ರ ಬಹುಕಾಲ ಹೆಸರು ಉಳಿಸಿಕೊಂಡಿತ್ತು.

ಕೈರೋದಿಂದ ಹೊರಟ ಕಾಗದ

ಉತ್ತರ ಆಫ್ರಿಕಾದ ಮತ್ತೊಂದು ಪ್ರಸಿದ್ಧ ಪೇಟೆಯೂರಿಗೂ ಶ್ರೀರಂಗಪಟ್ಟಣಕ್ಕೂ ನೇರವಾದ ನಂಟೇ ಇದೆ. ಅದು ಈಜಿಪ್ಟಿನ ಕೈರೋ. ಅಲ್ಲಿನ ಖಾನ್ ಎಲ್ ಖಲೀಲಿ ಎಂಬ ಬಜಾರು 14ನೆಯ ಶತಮಾನದಿಂದ ಇಂದಿನವರೆಗೂ ನಡೆದುಬಂದಿದೆ.

1798ರಲ್ಲಿ ನೆಪೋಲಿಯನ್ ಬೊನಪಾರ್ಟೆ ಈಜಿಪ್ಟಿನ ಮೇಲೆ ದಂಡೆತ್ತಿ ಹೋಗಿ ಕೈರೋ ನಗರವನ್ನು ಹಿಡಿದ. ಅಲ್ಲಿಂದ 1799ರ ಜನವರಿಯಲ್ಲಿ ಟಿಪ್ಪುವಿಗೆ ಒಂದು ಪತ್ರ ಬರೆದ. ದೊಡ್ಡ ಸೈನ್ಯದೊಂದಿಗೆ ಕೆಂಪು ಸಮುದ್ರದ ದಡಕ್ಕೆ ಬಂದಿದ್ದೇನೆ, ಇಂಗ್ಲಿಷರ ಹಿಡಿತದಿಂದ ನಿಮ್ಮನ್ನು ಬಿಡಿಸಲು ಬಯಸುತ್ತೇನೆ, ನಂಬಿಕಸ್ಥ ದೂತನೊಬ್ಬನನ್ನು ಕಳಿಸಿ ಎಂಬುದು ಅದರ ಸಾರಾಂಶ. ಪತ್ರ ಟಿಪ್ಪುವಿನ ಕೈ ಸೇರಲಿಲ್ಲ. ದಾರಿಯಲ್ಲಿಯೇ ಬ್ರಿಟಿಷರ ಪಾಲಾಯಿತು. ನಾಲ್ಕು ತಿಂಗಳೊಳಗೆ ಶ್ರೀರಂಗಪಟ್ಟಣವೇ ಅವರ ಪಾಲಾಯಿತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮೇ 4ರಂದು ಕೋಟೆಯ ಬಿರುಕಿನೊಳಗೆ ಸೈನ್ಯ ನುಗ್ಗಿಸಿದವನು ಡೇವಿಡ್ ಬೇರ್ಡ್. ಅವನು 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕಿ 1784ರವರೆಗೆ ಇದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು. 1801ರಲ್ಲಿ ಅದೇ ಬೇರ್ಡ್ ಇಂಡಿಯಾದಿಂದ ಸೈನ್ಯ ಕೊಂಡೊಯ್ದು, ಕೆಂಪು ಸಮುದ್ರದ ಕುಸೈರ್ ಬಂದರಿನಲ್ಲಿ ಇಳಿದು, ಮರುಭೂಮಿ ದಾಟಿ ನೈಲ್ ನದಿಯ ದಡ ಸೇರಿದ. ಭೂಪಟ ಬಿಚ್ಚಿ ಕಾವೇರಿಯಿಂದ ನೈಲ್‌ವರೆಗೆ ಒಂದು ಗೆರೆ ಎಳೆದು ನೋಡಿದರೆ, ಶಾಲೆಯ ಇತಿಹಾಸ ಪಾಠದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವ ಎರಡು ನದಿಗಳು ಒಂದೇ ಕಥೆಯೊಳಗೆ ಸೇರುವುದನ್ನು ಮಕ್ಕಳು ಕಾಣಬಹುದು.

ಫ್ಯಾನು ಇಲ್ಲದ ಕಾಲದ ತಂಪು

ಪೇಟೆ ಹೋದರೂ ಉಳಿದದ್ದು ದರಿಯಾ ದೌಲತ್. ಕೋಟೆಯ ಹೊರಗೆ, ಹೊಳೆಯ ಬದಿಯ ತೋಟದಲ್ಲಿ 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಬಹುತೇಕ ತೇಗದ ಮರದ ಕೆಲಸ. ಪಡುವಣ ಗೋಡೆಯ ಮೇಲೆ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರ. ಬಂದವರೆಲ್ಲ ಆ ಚಿತ್ರ ನೋಡಿ, ಒಂದು ಫೋಟೊ ತೆಗೆಸಿಕೊಂಡು ಹೊರಡುತ್ತಾರೆ. ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಸುಮ್ಮನೆ ನಿಲ್ಲುವುದು ಒಳ್ಳೆಯದು. ಏಪ್ರಿಲ್ ತಿಂಗಳ ನಡುಹಗಲಲ್ಲೂ ಅಲ್ಲಿ ತಂಪಾಗಿರುತ್ತದೆ. ಏಕೆ?

ಮೊದಲನೆಯದು ನೆರಳು. ಕಟ್ಟಡದ ಸುತ್ತಲೂ ಅಗಲವಾದ ಪಡಸಾಲೆ ಇರುವುದರಿಂದ ಬಿಸಿಲು ಒಳಗೋಡೆಯನ್ನು ಮುಟ್ಟುವುದೇ ಇಲ್ಲ. ಹೊರಗಂಬಗಳ ನಡುವೆ ಇಳಿಬಿಟ್ಟ ತಟ್ಟಿಗಳು ಉಳಿದ ಬಿಸಿಲನ್ನೂ ತಡೆಯುತ್ತವೆ. ಎರಡನೆಯದು ಗಾಳಿ. ಎತ್ತರದ ಜಗತಿಯ ಮೇಲಿರುವುದರಿಂದ ಗಾಳಿಗೆ ಅಡ್ಡಿಯಿಲ್ಲ. ಮೂರನೆಯದು ತೋಟ. ಮರಗಿಡಗಳ ಎಲೆಗಳಿಂದ, ನೆನೆದ ನೆಲದಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ, ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಕೋಣೆ ತಂಪಾಗುವುದೂ ಹೀಗೆಯೇ.

ಮರಾಕೆಶ್‌ನ ರಿಯಾದಿನ ಅಂಗಳದಲ್ಲಿ ಕಾರಂಜಿ ಇರುವುದು ಬರಿಯ ಅಂದಕ್ಕಲ್ಲ. ಮರುಭೂಮಿಯ ಒಣಗಾಳಿಯಲ್ಲಿ ನೀರು ಬೇಗ ಆವಿಯಾಗಿ ಮನೆಯನ್ನು ತಂಪು ಮಾಡುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾದುದರಿಂದ ಅಂಗಳಕ್ಕಿಳಿದು ಬೆಳಗಿನವರೆಗೂ ನಿಂತಿರುತ್ತದೆ. ನಮ್ಮ ಹಳ್ಳಿಗಳ ತೊಟ್ಟಿಮನೆಯದೂ ಇದೇ ವಿನ್ಯಾಸ. ನಡುವೆ ತೆರೆದ ತೊಟ್ಟಿ, ಸುತ್ತ ಮೊಗಸಾಲೆ, ದಪ್ಪ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಅದನ್ನು ಕೆಡವಿ ತಾರಸಿ ಮನೆ ಕಟ್ಟಿ, ಫ್ಯಾನು ಸಾಲದೆ ಏರ್ ಕೂಲರ್ ತರುವ ನಾವೇ, ಅಂಥ ಮನೆಯಲ್ಲಿ ಒಂದು ರಾತ್ರಿ ಮಲಗಲು ಪರದೇಶದಲ್ಲಿ ದುಬಾರಿ ಬಾಡಿಗೆ ಕೊಡುತ್ತೇವೆ.

ತೋಟಕ್ಕೆ ನೀರು ಬೇಕಲ್ಲ? ಮರಾಕೆಶ್‌ನವರು ಅಟ್ಲಾಸ್ ಬೆಟ್ಟಗಳ ಕಡೆಯಿಂದ ನೆಲದೊಳಗೆ ಸುರಂಗ ತೋಡಿ, ಇಳಿಜಾರಿನಲ್ಲಿ ತಾನಾಗಿ ಹರಿದುಬರುವಂತೆ ನೀರು ತಂದರು. ಶ್ರೀರಂಗಪಟ್ಟಣಕ್ಕೆ 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಬಂಗಾರದೊಡ್ಡಿ ನಾಲೆ ತೆಗೆಸಿದರು. ಹೊಳೆಗೆ ಕಟ್ಟೆ ಹಾಕಿ ತಿರುಗಿಸಿದ ನೀರನ್ನು ಮೇಲ್ಗಾಲುವೆ ಕಟ್ಟಿ ಹೊಳೆಯ ಕವಲಿನ ಮೇಲೆಯೇ ದಾಟಿಸಿ ದ್ವೀಪಕ್ಕೆ ತರಲಾಯಿತು. ಸುತ್ತಲೂ ಹೊಳೆಯಿದ್ದ ಊರಿಗೆ ಹೊಳೆಯ ನೀರನ್ನೇ ಹೊಳೆ ದಾಟಿಸಿ ತಂದ ಜಾಣತನ ಇದು. ಹೊಳೆ ತಗ್ಗಿನಲ್ಲಿ, ತೋಟ ಎತ್ತರದಲ್ಲಿ. ಪಂಪುಸೆಟ್ಟು ಇಲ್ಲದ ಕಾಲದಲ್ಲಿ ಎತ್ತರದಿಂದಲೇ ನೀರು ತರದೆ ಬೇರೆ ದಾರಿ ಇರಲಿಲ್ಲ.

ಮುತ್ತಿನ ಕೆರೆ, ಸಂಜೆಯ ಕಥೆ

ಶ್ರೀರಂಗಪಟ್ಟಣದಿಂದ ಉತ್ತರಕ್ಕೆ ಹೊರಟರೆ ಪಾಂಡವಪುರ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಬ್ರಿಟಿಷರ ಬಾಯಲ್ಲಿ ಈ ಊರು ‘ಫ್ರೆಂಚ್ ರಾಕ್ಸ್’ ಆಗಿತ್ತು. ಜನರ ಬಾಯಲ್ಲಿ ಹಿರೋಡೆ. ಪಾಂಡವರು ಇಲ್ಲಿದ್ದರೆಂಬ ಐತಿಹ್ಯದಿಂದ ಈಗಿನ ಹೆಸರು, ಎದುರಿಗೇ ಕುಂತಿಬೆಟ್ಟ.

ತಾಲ್ಲೂಕಿನ ನಿಜವಾದ ಸಿರಿ ತೊಣ್ಣೂರು ಕೆರೆ. ಎರಡು ಗುಡ್ಡಗಳ ನಡುವೆ ಏರಿ ಹಾಕಿ ನಿಲ್ಲಿಸಿದ ಈ ಕೆರೆಯ ಹೆಸರು 12ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ರಾಮಾನುಜಾಚಾರ್ಯರೊಂದಿಗೆ ಸೇರಿಕೊಂಡಿದೆ. 1746ರಲ್ಲಿ ನಿಜಾಮನ ಮಗ ನಾಸಿರ್ ಜಂಗ್ ದಂಡಿನೊಂದಿಗೆ ಇಲ್ಲಿ ತಂಗಿದ್ದಾಗ ಇದರ ತಿಳಿನೀರಿಗೆ ಮನಸೋತು ‘ಮೋತಿ ತಲಾಬ್’, ಅಂದರೆ ಮುತ್ತಿನ ಕೆರೆ, ಎಂದು ಕರೆದನಂತೆ. ಮುಂದೆ ಶತ್ರುಗಳಿಗೆ ನೀರು ದಕ್ಕಬಾರದೆಂದು ಟಿಪ್ಪು ಇದರ ಏರಿಯನ್ನೇ ಒಡೆಸಿದ. ಅರಮನೆಯ ತೋಟಕ್ಕೆ ನೀರು ತರುವುದು ಒಂದು ರಾಜನೀತಿ; ಕೆರೆ ಒಡೆದು ಬರಿದು ಮಾಡುವುದೂ ಒಂದು ರಾಜನೀತಿ. ಏರಿಯ ಮೇಲೆ ನಿಂತು ಮಕ್ಕಳು ಒಂದು ಪ್ರಶ್ನೆಗೆ ಉತ್ತರ ಹುಡುಕಬಹುದು. ಕೆರೆಯ ಏರಿ ಬುಡದಲ್ಲಿ ಅಷ್ಟೊಂದು ಅಗಲ, ತಲೆಯಲ್ಲಿ ಕಿರಿದು ಏಕೆ? ನೀರಿನ ಒತ್ತಡ ಕೆರೆಯ ಉದ್ದಗಲವನ್ನು ನೋಡುವುದಿಲ್ಲ, ಆಳವನ್ನು ಮಾತ್ರ ನೋಡುತ್ತದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚು. ಪುಸ್ತಕದಲ್ಲಿ ಎರಡು ಸಾಲಿನಲ್ಲಿರುವ ನಿಯಮ ಇಲ್ಲಿ ಮಣ್ಣು ಕಲ್ಲುಗಳಲ್ಲಿ ನಿಂತಿದೆ.

ಅಲ್ಲಿಂದ ಮೇಲುಕೋಟೆ ದೂರವಿಲ್ಲ. ಚೆಲುವನಾರಾಯಣನ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಲ್ಯಾಣಿ, ಬೆಟ್ಟದ ನೆತ್ತಿಯಲ್ಲಿ ಯೋಗಾನರಸಿಂಹ. ಊಟಕ್ಕೆ ಪುಳಿಯೋಗರೆ. ಕವಿ ಪು.ತಿ. ನರಸಿಂಹಾಚಾರ್ಯರು ಹುಟ್ಟಿದ ಊರು. ಕಲ್ಯಾಣಿಯ ಮೆಟ್ಟಿಲ ಮೇಲೆ ಸಂಜೆ ಕುಳಿತರೆ ಜೆಮಾ ಎಲ್ ಫ್ನಾ ಬಯಲಿನ ಕಥೆಗಾರರ ನೆನಪಾಗುತ್ತದೆ. ಅವರ ಬಾಯಿಮಾತಿನ ಕಲೆಯನ್ನು ಯುನೆಸ್ಕೊ ಗುರುತಿಸಿ ಜಗತ್ತಿನ ಮುಂದಿಟ್ಟಿದೆ. ಈ ಸೀಮೆಯಲ್ಲೂ ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರಿದ್ದಾರೆ. ನಾಗಮಂಗಲದ ಕಡೆ ಮೂಡಲಪಾಯ ಯಕ್ಷಗಾನವಿದೆ. ಪೂಜಾ ಕುಣಿತ, ಸೋಮನ ಕುಣಿತಗಳಿವೆ. ಪ್ರವಾಸಿಯ ಗಡಿಯಾರಕ್ಕೆ ತಕ್ಕಂತೆ ಅವು ನಡೆಯುವುದಿಲ್ಲ. ಊರಹಬ್ಬ, ಜಾತ್ರೆಗಳ ದಿನ ವಿಚಾರಿಸಿಕೊಂಡು ಹೋಗಬೇಕು. ಹಾಗೆ ಹೋದವರಿಗೆ ಟಿಕೆಟ್ಟಿಲ್ಲದ ಸಂಜೆಯೊಂದು ಸಿಗುತ್ತದೆ.

ಹೆಸರಲ್ಲೇ ಪೇಟೆ

ಹಿಂದೆ ಅತ್ತಿಕುಪ್ಪೆ ಎನಿಸಿಕೊಂಡಿದ್ದ ಊರು ಮೈಸೂರು ಅರಸರ ಹೆಸರು ಹೊತ್ತು ಕೃಷ್ಣರಾಜಪೇಟೆಯಾಯಿತು. ಪಟ್ಟಣದ ಮಗ್ಗುಲಲ್ಲೇ ಹೊಸಹೊಳಲು. 13ನೆಯ ಶತಮಾನದ ನಡುವಿನ ಲಕ್ಷ್ಮೀನಾರಾಯಣ ಗುಡಿ ಅಲ್ಲಿದೆ. ಮೂರು ಗರ್ಭಗುಡಿಗಳ ಹೊಯ್ಸಳ ದೇವಾಲಯ. ಬುಡದಿಂದ ಮೇಲಕ್ಕೆ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಕಿಕ್ಕೇರಿಯ ಬ್ರಹ್ಮೇಶ್ವರ ಗುಡಿ 1171ರದು. ಕಟ್ಟಿಸಿದವಳು ಬಮ್ಮವ್ವೆ ನಾಯಕಿತಿ ಎಂಬ ಹೆಣ್ಣುಮಗಳು. ‘ಮೈಸೂರ ಮಲ್ಲಿಗೆ’ಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ್ದೂ ಇದೇ ಕಿಕ್ಕೇರಿಯಲ್ಲಿ, 1915ರಲ್ಲಿ. ಮರಾಕೆಶ್‌ನ ಹೆಗ್ಗುರುತಾದ ಕುತುಬಿಯಾ ಮಸೀದಿಯ ಗೋಪುರ ಎದ್ದದ್ದು ಕೂಡ 12ನೆಯ ಶತಮಾನದಲ್ಲಿಯೇ. ಒಂದೇ ಕಾಲಕ್ಕೆ ಭೂಮಿಯ ಎರಡು ಮೂಲೆಗಳಲ್ಲಿ ಉಳಿಯ ಸದ್ದು ಕೇಳುತ್ತಿತ್ತು.

ಕಲ್ಲಿನಲ್ಲಿ ಒಡವೆಯ ಕೊಂಡಿಗಳನ್ನೂ ಬಿಡಿಬಿಡಿಯಾಗಿ ಕೊರೆಯಲು ಹೇಗೆ ಸಾಧ್ಯವಾಯಿತು? ಉತ್ತರ ಕಲ್ಲಿನಲ್ಲೇ ಇದೆ. ಇದು ಬಳಪದ ಕಲ್ಲಿನ ಜಾತಿ. ಗ್ರಾನೈಟಿಗಿಂತ ಬಹಳ ಮೆದು. ಗಣಿಯಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಒಗ್ಗುತ್ತದೆ. ಗಾಳಿಗೆ ಒಡ್ಡಿಕೊಂಡಂತೆ ಮೇಲ್ಮೈ ಬಿಗಿಯುತ್ತದೆ. ಆದ್ದರಿಂದಲೇ ಕಂಬಗಳನ್ನು ಮರದಂತೆ ಚರಕಿಗೆ ಹಾಕಿ ತಿರುಗಿಸಿ ನುಣುಪು ಮಾಡಲು ಆಯಿತು. ಹತ್ತಿರದ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿಯಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. ಸೋಮನಾಥಪುರದಲ್ಲೂ ಕೆಲಸ ಮಾಡಿದವನು ಆತ. ಎಂಟುನೂರು ವರ್ಷಗಳ ಹಿಂದಿನ ಕಸುಬುದಾರ ತನ್ನ ಕೆಲಸದ ಮೇಲೆ ಸಹಿ ಹಾಕಿದ್ದಾನೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ತಂಗಿಯರಂತಿರುವ ಈ ಗುಡಿಗಳಲ್ಲಿ ನೂಕುನುಗ್ಗಲಿಲ್ಲ. ಒಂದೊಂದು ಶಿಲ್ಪದ ಮುಂದೆಯೂ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಎರಕದ ಮನೆಯ ಪಾಠ

ಮಲ್ಲಿತಮ್ಮನ ಕಾಲ ಮುಗಿಯಿತು. ಆದರೆ ಮಾಡುವವರ ಎದುರಿಗೇ ನಿಂತು ಮಾಡುವುದನ್ನು ನೋಡಬೇಕೆಂದರೆ ನಾಗಮಂಗಲಕ್ಕೆ ಹೋಗಬೇಕು. ಹೊಯ್ಸಳರ ಕಾಲದ ಸೌಮ್ಯಕೇಶವ ಗುಡಿಯಿರುವ ಈ ಊರು ಲೋಹದ ವಿಗ್ರಹಗಳಿಗೆ ಹಿಂದಿನಿಂದಲೂ ಹೆಸರುವಾಸಿ. ಉತ್ಸವಮೂರ್ತಿ, ಪ್ರಭಾವಳಿ, ಕವಚ, ದೀಪ, ಗಂಟೆ. ನಾಡಿನ ಎಷ್ಟೋ ಗುಡಿಗಳಿಗೆ ಇವು ಹೋಗುವುದು ಇಲ್ಲಿನ ವಿಶ್ವಕರ್ಮರ ಮನೆಗಳಿಂದ.

ವಿಗ್ರಹ ಹುಟ್ಟುವುದು ಮೇಣದಲ್ಲಿ. ಜೇನುಮೇಣಕ್ಕೆ ರಾಳ ಬೆರೆಸಿ ಹದ ಮಾಡಿ, ಕಣ್ಣು, ಬೆರಳು, ಒಡವೆ ಎಲ್ಲವನ್ನೂ ಅದರಲ್ಲೇ ತಿದ್ದುತ್ತಾರೆ. ಅದರ ಮೇಲೆ ನುಣುಪಾದ ಮಣ್ಣಿನ ತೆಳು ಲೇಪ. ಅದು ಒಣಗಿದ ಮೇಲೆ ಒರಟು ಮಣ್ಣಿನ ದಪ್ಪ ಲೇಪ. ಮೊದಲ ಲೇಪ ಮೇಣದ ಗೆರೆ ಗೆರೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ನಂತರದ್ದು ಲೋಹದ ಭಾರವನ್ನು ತಡೆಯುತ್ತದೆ. ಅಚ್ಚನ್ನು ಕಾಯಿಸಿದಾಗ ಮೇಣ ಕರಗಿ ಹೊರಗೆ ಹರಿದುಹೋಗುತ್ತದೆ. ಒಳಗೆ ಉಳಿದ ಟೊಳ್ಳಿಗೆ ಮೂಸೆಯಲ್ಲಿ ಕರಗಿಸಿದ ಲೋಹವನ್ನು ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚನ್ನು ಒಡೆಯುತ್ತಾರೆ. ಆಮೇಲೆ ಅರ, ಉಳಿಗಳ ಕೆಲಸ. ಅಚ್ಚು ಒಡೆದುಹೋಗುವುದರಿಂದ ಒಂದು ಅಚ್ಚಿಗೆ ಒಂದೇ ವಿಗ್ರಹ. ಅದರಂಥದು ಇನ್ನೊಂದಿಲ್ಲ.

ಇಲ್ಲಿರುವ ವಿಜ್ಞಾನ ಒಂದು ಪೂರ್ತಿ ಅಧ್ಯಾಯಕ್ಕಾಗುವಷ್ಟಿದೆ. ಎಷ್ಟು ಲೋಹ ಬೇಕೆಂದು ಎರಕದವರಿಗೆ ಗೊತ್ತಾಗುವುದು ಹೇಗೆ? ಮೇಣವನ್ನು ತೂಗಿ. ಕಂಚಿನ ಸಾಂದ್ರತೆ ಮೇಣದ ಸಾಂದ್ರತೆಯ ಸುಮಾರು ಒಂಬತ್ತರಷ್ಟು. ಒಂದು ಕಿಲೊ ಮೇಣದ ಬೊಂಬೆಗೆ ಒಂಬತ್ತು ಕಿಲೊ ಲೋಹ, ಸುರಿಯುವ ಕಾಲುವೆಗೆ ಮತ್ತಷ್ಟು. ಸಾಂದ್ರತೆ ಎಂಬ ಪದ ಪಠ್ಯಪುಸ್ತಕಕ್ಕೆ ಬರುವ ಮೊದಲೇ ತಕ್ಕಡಿಯಲ್ಲಿತ್ತು. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಬೇಕು. ತವರ 232 ಡಿಗ್ರಿಗೇ ಕರಗುತ್ತದೆ. ತಾಮ್ರಕ್ಕೆ ತವರ ಸೇರಿಸಿದರೆ ಕರಗುವ ಬಿಂದು ಇಳಿಯುತ್ತದೆ. ಲೋಹ ಸರಾಗವಾಗಿ ಹರಿದು ಮೂಲೆಮೂಲೆಗೂ ಹೋಗುತ್ತದೆ. ಗಂಟೆಯ ಲೋಹದಲ್ಲಿ ತವರ ಐದನೆಯ ಒಂದು ಭಾಗಕ್ಕೂ ಸ್ವಲ್ಪ ಹೆಚ್ಚು. ಹೀಗಾಗಿ ಅದು ಗಡುಸು, ನಾದ ಬಹಳ ಹೊತ್ತು ನಿಲ್ಲುತ್ತದೆ. ಬಿದ್ದರೆ ಬಿರುಕು ಬಿಡುವುದೂ ಅದಕ್ಕೇ. ಹಿತ್ತಾಳೆಗೆ ಸೇರಿಸುವ ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಆದ್ದರಿಂದ ಮೊದಲು ತಾಮ್ರ ಕರಗಬೇಕು, ಸತು ಕೊನೆಗೆ ಸೇರಬೇಕು. ಅಚ್ಚಿನಲ್ಲಿ ಹನಿ ತೇವವೂ ಇರಕೂಡದು. ನೀರು ಉಗಿಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಅಚ್ಚು ಸಿಡಿದು ಕಾದ ಲೋಹ ಮೈಮೇಲೆ ಬೀಳುತ್ತದೆ. ಅಚ್ಚು ಒಣಗುವವರೆಗೆ ಕಾಯುವ ತಾಳ್ಮೆ ಜೀವ ಉಳಿಸುವ ತಾಳ್ಮೆ.

ಇಂಥ ಕೆಲಸಕ್ಕೆ ದಿನಗಟ್ಟಲೆ ಬೇಕು. ಪಕ್ಕದ ಅಂಗಡಿಯಲ್ಲಿ ಯಂತ್ರದ ಅಚ್ಚಿನಿಂದ ಬಂದ, ಒಂದೇ ತೆರನಾದ ಬೊಂಬೆಗಳು ಸಾಲಾಗಿ ನಿಂತಿರುತ್ತವೆ, ಅಗ್ಗಕ್ಕೆ. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದಿದ್ದರೆ ಯಾರು ಗೆಲ್ಲುತ್ತಾರೆಂದು ಬೇರೆ ಹೇಳಬೇಕಿಲ್ಲ. ಎರಕದವರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರೆ ಅದು ಅವರ ಹಕ್ಕು. ಹೊಗೆ, ಬಿಸಿಯಲ್ಲಿ ಕೂರಬೇಕೆಂದು ಯಾರೂ ಅವರಿಗೆ ಹೇಳುವಂತಿಲ್ಲ. ಆದರೆ ಈ ಕಸುಬಿನಲ್ಲಿ ಮರ್ಯಾದೆಯೂ ಎರಡು ಹೊತ್ತಿನ ನೆಮ್ಮದಿಯ ಊಟವೂ ಸಿಗುವುದಾದರೆ, ಅವರಲ್ಲಿ ಕೆಲವರಾದರೂ ಮನಸ್ಸಿನಿಂದಲೇ ಉಳಿದಾರು. ಶಿರಾದ ಕಸುಬುದಾರರನ್ನು ಗಂಜಾಮಿಗೆ ತಂದದ್ದು ಬಲವಂತ. ಇಂದಿನವರನ್ನು ಕಸುಬಿನಲ್ಲಿ ಉಳಿಸುವ ಬಲ ಇರುವುದು ಗಿರಾಕಿಯ ಕೈಯಲ್ಲಿ ಮಾತ್ರ.

ಪೇಟೆ ಉಳಿಯುವುದು ಕೊಳ್ಳುವವರಿಂದ

ಮರಾಕೆಶ್‌ನ ಪೇಟೆ ಉಳಿದದ್ದು ಯುನೆಸ್ಕೊ ಪಟ್ಟಿಯೊಂದರಿಂದಲೇ ಅಲ್ಲ. ಅಲ್ಲಿಗೆ ಹೋದವರು ಓಣಿಯೊಳಗೆ ನಡೆದರು, ಮಾಡುವವನನ್ನು ಮಾತನಾಡಿಸಿದರು, ಒಂದು ದೀಪವನ್ನೋ ಒಂದು ಚರ್ಮದ ಚೀಲವನ್ನೋ ಕೊಂಡರು. 2023ರ ಸೆಪ್ಟೆಂಬರಿನಲ್ಲಿ ಭಾರಿ ಭೂಕಂಪ ಆ ಪಟ್ಟಣವನ್ನೂ ಅಲುಗಿಸಿತು. ಪೇಟೆ ಮತ್ತೆ ಬಾಗಿಲು ತೆರೆಯಿತು. ಶ್ರೀರಂಗಪಟ್ಟಣ ದ್ವೀಪದ ಸ್ಮಾರಕಗಳು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿವೆ. ನಾಳೆ ಅದು ಕಾಯಂ ಪಟ್ಟಿಯಾದರೂ, ಬಂದವರು ಕಾರಿನಿಂದ ಇಳಿದು ಅರ್ಧ ಗಂಟೆಯಲ್ಲಿ ಮೈಸೂರಿಗೆ ಹೊರಟುಬಿಟ್ಟರೆ ಊರಿಗೆ ದಕ್ಕುವುದು ಧೂಳಷ್ಟೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಊರುಗಳನ್ನು ಬಳಸಿಕೊಂಡು ಸಾಗುತ್ತದೆ. ಹಳೆಯ ರಸ್ತೆಬದಿಯ ವ್ಯಾಪಾರಕ್ಕೆ ಅದರ ಪೆಟ್ಟು ಬಿದ್ದಿದೆ. ರಾಜಧಾನಿ ಸ್ಥಳ ಬದಲಿಸಿದಾಗ ಗಂಜಾಮಿಗೆ ಆದದ್ದು, ರಸ್ತೆ ಸ್ಥಳ ಬದಲಿಸಿದಾಗಲೂ ಆಗುತ್ತದೆ.

ತಂದೆತಾಯಂದಿರು ರಜೆಯ ಖರ್ಚಿನ ಲೆಕ್ಕ ಹಾಕುವಾಗ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಲಿ. ಕೊಟ್ಟ ನೂರು ರೂಪಾಯಿಯಲ್ಲಿ ಎಷ್ಟು ಪೆಟ್ರೋಲಿಗೆ ಹೋಯಿತು, ಎಷ್ಟು ದೊಡ್ಡ ಹೋಟೆಲಿಗೆ ಹೋಯಿತು, ಎಷ್ಟು ವಸ್ತು ಮಾಡಿದವರ ಕೈಗೆ ಸೇರಿತು ಎಂದು ಮಕ್ಕಳೇ ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೇಲುಕೋಟೆಯ ಮಗ್ಗದ ಒಂದು ಪಂಚೆ, ನಾಗಮಂಗಲದ ಒಂದು ಸಣ್ಣ ದೀಪ, ಸಂತೆಯಲ್ಲಿ ರೈತಮಹಿಳೆಯಿಂದ ಒಂದು ಕಟ್ಟು ಸೊಪ್ಪು. ಕೊಂಡ ದೀಪವನ್ನು ಮನೆಗೆ ತಂದು ಬೆರಳಿನಿಂದ ತಟ್ಟಿ ನಾದ ಕೇಳಿದಾಗ, ಅದರಲ್ಲಿ ತಾಮ್ರವೆಷ್ಟು, ತವರವೆಷ್ಟು, ಯಾವ ಮನೆಯ ಕುಲುಮೆಯಲ್ಲಿ ಕರಗಿತು ಎಂದು ಹೇಳಬಲ್ಲ ಮಗುವಿಗೆ ಆ ಪ್ರವಾಸ ಬಹಳ ಕಾಲ ನೆನಪಿನಲ್ಲಿ ಉಳಿಯುತ್ತದೆ.

ಎರಡು ದಿನದ ದಾರಿ

ಶ್ರೀರಂಗಪಟ್ಟಣ ಬೆಂಗಳೂರಿನಿಂದ ಸುಮಾರು 125 ಕಿ.ಮೀ., ಮೈಸೂರಿನಿಂದ ಸುಮಾರು 15 ಕಿ.ಮೀ. ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಎರಡಕ್ಕೂ ಬೆಂಗಳೂರು–ಮೈಸೂರು ಮಾರ್ಗದಲ್ಲಿ ರೈಲು ನಿಲ್ದಾಣವಿದೆ. ನಾಲ್ಕೂ ತಾಲ್ಲೂಕು ಕೇಂದ್ರಗಳಿಗೆ ಸಾರಿಗೆ ಬಸ್ಸುಗಳಿವೆ.

ಮೊದಲ ದಿನ: ಬೆಳಿಗ್ಗೆ ಬಿಸಿಲೇರುವ ಮೊದಲು ರಂಗನತಿಟ್ಟು. 1940ರಲ್ಲಿ ಪಕ್ಷಿಧಾಮವಾದ ಇದು 2022ರಲ್ಲಿ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ಬಳಿಕ ಕೋಟೆ, ರಂಗನಾಥನ ಗುಡಿ, ದರಿಯಾ ದೌಲತ್, ಗಂಜಾಂ. ಮಧ್ಯಾಹ್ನ ತೊಣ್ಣೂರು ಕೆರೆ, ಸಂಜೆ ಮೇಲುಕೋಟೆಯಲ್ಲಿ ವಾಸ್ತವ್ಯ.

ಎರಡನೆಯ ದಿನ: ಹೊಸಹೊಳಲು, ಗೋವಿಂದನಹಳ್ಳಿ, ಕಿಕ್ಕೇರಿ. ಅಲ್ಲಿಂದ ನಾಗಮಂಗಲ. ಸಮಯವಿದ್ದರೆ ಅದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಜೈನ ಬಸದಿ, ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ.

ಎರಕದ ಮನೆಗೆ ಹೋಗುವ ಮೊದಲು ಮನೆಯವರ ಅನುಮತಿ ಕೇಳಬೇಕು. ಲೋಹ ಹೊಯ್ಯುವ ಹೊತ್ತಿನಲ್ಲಿ ಮಕ್ಕಳು ದೂರ ನಿಲ್ಲಬೇಕು. ತೊಣ್ಣೂರು ಕೆರೆಯಲ್ಲಾಗಲಿ ಹೊಳೆಯ ಸಂಗಮದಲ್ಲಾಗಲಿ ಆಳ ತಿಳಿಯದೆ ನೀರಿಗಿಳಿಯುವುದು ಬೇಡ. ಕುಡಿಯುವ ನೀರು, ಟೋಪಿ, ಒಂದು ನೋಟ್‌ಬುಕ್ಕು ಜೊತೆಗಿರಲಿ.